ಅವ್ವ ಬಿಡಿಸಿದ ಗುಡ್ಡೆ

ಒಣಮೆಣಸಿನಕಾಯಿಯ ಘಾಟಿಗೆ ಸೀನು ಬಂದರೆ ಈಗಲೂ ನನಗೆ ಆ ಮ್ಯೂಸಿಯಂ ನೆನಪಾಗುತ್ತದೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದ ಅವ್ವ, ನನಗೆ ಚಿತ್ರದ ಹುಚ್ಚೆಂದು ಒಂದು ದಿನದ ಕೆಲಸ ಬಿಟ್ಟು ಅಲ್ಲಿಗೆ ಕರೆದೊಯ್ದಿದ್ದಳು. ಆಧುನಿಕ ಕಲೆಯ ಕೋಣೆಯಲ್ಲಿ ನೆಲಕ್ಕೆ ಸುರಿದ ನಿಜವಾದ ಮೆಣಸಿನಕಾಯಿ ರಾಶಿಯೇ ಒಂದು ಕಲಾಕೃತಿ. ನಾನು ಗೋಡೆಯ ಚಿತ್ರ ನೋಡಿ ತಿರುಗುವಷ್ಟರಲ್ಲಿ ಅವ್ವ ಸೆರಗು ಸಿಕ್ಕಿಸಿ ಕುಳಿತು ತೊಟ್ಟು ಬಿಡಿಸತೊಡಗಿದ್ದಳು.

"ಯವ್ವಾ, ಮುಟ್ಟಬ್ಯಾಡ್ರಿ!" ಕಾವಲುಗಾರ ಓಡಿಬಂದ. ನಾನು ನಾಚಿ ಕಂಬದ ಹಿಂದೆ ಸರಿದೆ.

"ತುಂಬು ಹಂಗ ಐತಲ್ರಿ. ಬಿಡಿಸಿ ಕೊಟ್ರಾತು ಅಂತ ಕುಂತೆ," ಎಂದಳು ಅವ್ವ.

ಆ ಕೃತಿ ಮಾಡಿದ ಕಲಾವಿದೆ ಅಲ್ಲೇ ಇದ್ದರು. ಅವ್ವನ ಎದುರು ನೆಲದ ಮೇಲೆ ಕುಳಿತು, "ನನಗೂ ತೋರಸ್ರಿ," ಎಂದರು.

ಹೊರಡುವಾಗ ತಿರುಗಿ ನೋಡಿದೆ. ರಾಶಿಯ ಪಕ್ಕ ಅವ್ವ ಬಿಡಿಸಿದ ಸಣ್ಣ ಗುಡ್ಡೆ ಹಾಗೇ ಇತ್ತು. ಕಾವಲುಗಾರ ಬಂದವರಿಗೆ ಹೇಳುತ್ತಿದ್ದ: "ದೂರ ನಿಂದರ್ರಿ. ಅದನ್ನೂ ಮುಟ್ಟಬ್ಯಾಡ್ರಿ."