ಕಿಡಿ ಬಂತಾ?

“ಕಿಡಿ ಬಂತಾ?”

“ಇಲ್ಲ ರೀ,” ಎಂದಳು ಹೆಂಡತಿ.

ಅಳಿಲು ಮೋಟಾರು ಗರಗಸ ಚಾಲೂ ಮಾಡುವ ಹಗ್ಗದ ಹಿಡಿ ಬಿಟ್ಟು ತೋಳಿನಿಂದ ಬೆವರು ಒರೆಸಿಕೊಂಡ. ಬೆಳಗಿನಿಂದ ಎಷ್ಟು ಸಲ ಎಳೆದನೋ ಲೆಕ್ಕ ತಪ್ಪಿತ್ತು. ಅಂಗೈಯ ಬೊಬ್ಬೆ ಒಡೆದು ಹಿಡಿಯೆಲ್ಲ ಅಂಟಂಟಾಗಿತ್ತು. ಶೆಡ್ಡಿನ ಗೋಡೆ ಗಡಿಯಾರದಲ್ಲಿ ಮೂರು ದಾಟಿ ಹತ್ತು ನಿಮಿಷ. ನಾಲ್ಕಕ್ಕೆ ಮೇಸ್ತ್ರಿಯ ಗಾಡಿ ಬಂದು ಬಾಗಿಲ ಮುಂದೆ ನಿಲ್ಲುತ್ತದೆ.

ಅಷ್ಟರೊಳಗೆ ಗರಗಸ ಗುಡುಗಬೇಕು.

ಮರ ಕಡಿಯುವ ತಂಡದಲ್ಲಿ ಅವನಷ್ಟು ಸಲೀಸಾಗಿ ತುದಿ ಮುಟ್ಟುವವನು ಇನ್ನೊಬ್ಬನಿರಲಿಲ್ಲ. ಅಳಿಲು ಎಂಬ ಹೆಸರು ಬಂದದ್ದೇ ಹಾಗೆ. ಎಂಟು ತಿಂಗಳ ಹಿಂದೆ ಒಂದು ಕೊಂಬೆ ಮೋಸ ಮಾಡಿತು. ಅವನೂ ಬಿದ್ದ, ಅವನ ಮೋಟಾರು ಗರಗಸವೂ ಬಿತ್ತು. ಸೊಂಟ ಕೂಡಿಕೊಳ್ಳಲು ಐದು ತಿಂಗಳು ಹಿಡಿಯಿತು, ಗರಗಸ ಕೂಡಿಸಲು ಮೂರು. ಸಿಲಿಂಡರ್ ಒಂದು ಗುಜರಿ ಅಂಗಡಿಯದು, ಕಿಡಿ ಹುಟ್ಟಿಸುವ ಕಾಯಿಲ್ ಇನ್ನೊಂದರದು, ಕಾರ್ಬ್ಯುರೇಟರ್ ಮಾತ್ರ ಹಳೆಯದೇ. ಅಷ್ಟೂ ದಿನ ಮನೆ ನಡೆದದ್ದು ಹೆಂಡತಿಯ ಹೊಲಿಗೆ ಯಂತ್ರದಿಂದ.

ಮರ ಹತ್ತುವವನು ತನ್ನ ಗರಗಸ ತಾನೇ ತರಬೇಕು ಎಂಬುದು ತಂಡದ ನಿಯಮ. ಮೇಸ್ತ್ರಿ ಫೋನಿನಲ್ಲಿ ಬಿಡಿಸಿ ಹೇಳಿದ್ದ: “ಶನಿವಾರ ಬಂದು ನೋಡ್ತೀನಿ. ಅದು ಓಡಿದ್ರೆ ನೀನು ಮರದ ಮೇಲೆ. ಇಲ್ಲಾಂದ್ರೆ ನಿನ್ನ ಜಾಗಕ್ಕೆ ಬೇರೆಯವನು. ನೀನು ಗೋದಾಮಲ್ಲಿ ಕೂತು ಅವನ ಗರಗಸಕ್ಕೆ ಹಲ್ಲುಜ್ಜು, ಅರ್ಧ ಸಂಬಳಕ್ಕೆ.”

ಹತ್ತು ದಿನದ ಹಿಂದೆ ಮೊದಲ ಸಲ ಎಳೆದಾಗ ಗರಗಸ ಕೆಮ್ಮಲೂ ಇಲ್ಲ. ಪ್ಲಗ್ ಬಿಚ್ಚಿದರೆ ತೊಯ್ದು ತೊಪ್ಪೆಯಾಗಿತ್ತು. ಅಂದರೆ ಪೆಟ್ರೋಲು ಒಳಗೆ ಬರುತ್ತಿದೆ. ಹಗ್ಗ ಹಿಡಿದು ನೇತಾಡಿಸಿದರೆ ಗರಗಸ ದಡಕ್ಕನೆ ಇಳಿಯಲಿಲ್ಲ, ತಡೆತಡೆದು ಇಳಿಯಿತು. ಅಂದರೆ ಎಂಜಿನ್ನಿನ ದಮ್ಮು ಗಟ್ಟಿಯಿದೆ. ಉಳಿದದ್ದು ಕಿಡಿಯೊಂದೇ.

ಕಿಡಿ ನೋಡಲು ಇಬ್ಬರು ಬೇಕು. ಬಿಚ್ಚಿದ ಪ್ಲಗ್ಗನ್ನು ಒಬ್ಬರು ಇಕ್ಕಳದಲ್ಲಿ ಹಿಡಿದು ಸಿಲಿಂಡರಿನ ಲೋಹಕ್ಕೆ ತಾಗಿಸಬೇಕು, ಇನ್ನೊಬ್ಬರು ಹಗ್ಗ ಎಳೆಯಬೇಕು. ಎಲ್ಲ ಸರಿಯಿದ್ದರೆ ತುದಿಯಲ್ಲಿ ಸೂಜಿಮೊನೆಯಷ್ಟು ನೀಲಿ ಬೆಳಕು ಹಾರುತ್ತದೆ. ಹೆಂಡತಿ ಕುಕ್ಕರುಗಾಲಿನಲ್ಲಿ ಕೂತು, ಕಿಟಕಿಯ ಬೆಳಕಿಗೆ ಬೆನ್ನು ಅಡ್ಡ ಕೊಟ್ಟು ಹಿಡಿಯುತ್ತಿದ್ದಳು. ಅವನು ಕೇಳುತ್ತಿದ್ದ, ಅವಳು ಇಲ್ಲವೆನ್ನುತ್ತಿದ್ದಳು. ಪ್ಲಗ್ ಬದಲಿಸಿದ. ಕಾಯಿಲ್ ಬದಲಿಸಿದ. ಸ್ವಿಚ್ಚಿನ ತಂತಿ ಕಳಚಿದ. ಇಲ್ಲ, ಇಲ್ಲ, ಇಲ್ಲ.

“ಇನ್ನೊಂದ್ಸಲ ಹಿಡಿ.”

ಅವಳು ಹಿಡಿದಳು. ಅವನು ಗರಗಸವನ್ನು ಕಾಲಲ್ಲಿ ಮೆಟ್ಟಿ, ಕಣ್ಣು ಬಿಗಿಯಾಗಿ ಮುಚ್ಚಿ ಎಳೆದ. ಅವಳು ಬೆಚ್ಚಿಬಿದ್ದಳು.

“ಏನಾಯ್ತೇ?”

“ಕಾಲು ಜೋಮು ಹಿಡೀತು.”

“ಕಿಡಿ?”

“ಇಲ್ಲ ಅಂದ್ನಲ್ಲ.”

ಅವನು ಉದ್ದಕ್ಕೆ ಉಸಿರು ಬಿಟ್ಟ. “ಕಾಯಿಲ್ ಮತ್ತೆ ಬಿಚ್ತೀನಿ.”

“ಸಾಕು ಬಿಡಿ, ಅಂಗೈ ನೋಡ್ಕೊಳ್ಳಿ. ಹೆಣಕ್ಕೆ ಎಷ್ಟು ದಿನ ಅಂತ ಶೃಂಗಾರ ಮಾಡ್ತೀರಾ?”

“ಹೆಣ ಅನ್ಬೇಡ. ಇಪ್ಪತ್ತು ವರ್ಷ ಅನ್ನ ಹಾಕಿದ್ದು ಇದೇ.”

“ಐದು ತಿಂಗಳು ಚಮಚದಲ್ಲಿ ಬಾಯಿಗಿಟ್ಟಿದ್ದು ಈ ಕೈ,” ಎಂದು ಅವಳು ಇಕ್ಕಳದ ಕೈಯನ್ನೇ ಎತ್ತಿ ತೋರಿಸಿದಳು.

ಅವನು ಕಾಯಿಲ್ ಬಿಚ್ಚಲು ಬಗ್ಗಿದ. ಸ್ಕ್ರೂಡ್ರೈವರ್ ಎರಡು ಸಲ ಸ್ಕ್ರೂವಿನಿಂದ ಜಾರಿತು.

ಮೇಸ್ತ್ರಿ ಐದು ನಿಮಿಷ ಮೊದಲೇ ಬಂದ. ಹೊಟ್ಟೆ ಮೊದಲು ಒಳಗೆ ಬಂತು, ಆಮೇಲೆ ಅವನು.

“ಏನೋ ಅಳಿಲೇ, ಗೂಡು ಬಿಟ್ಟು ಹೊರಗೆ ಬರ್ತೀಯೋ ಇಲ್ವೋ?”

“ಕಿಡಿ ಬರ್ತಿಲ್ಲಣ್ಣ.”

“ಪ್ಲಗ್ ಒಣಗಿಸಿ, ಒಳಗೆ ಹಾಕಿ ಎಳೆದು ನೋಡಿದ್ಯಾ?”

“ಕಿಡಿನೇ ಇಲ್ಲ ಅಂದ್ಮೇಲೆ ಒಳಗೆ ಹಾಕಿ ಏನು ಜೋಗುಳ ಹಾಡ್ಲಾ?”

ಮೇಸ್ತ್ರಿ ಒಂದು ಗಳಿಗೆ ಅವನ ಮುಖ ನೋಡಿದ. “ಸರಿ, ಎಳಿ. ನಾನೂ ನೋಡ್ತೀನಿ.”

ಇಕ್ಕಳ ಹಿಡಿದ ಹೆಂಡತಿಯ ಬೆರಳುಗಳು ಬಿಳಿಚಿಕೊಂಡವು. ಮೇಸ್ತ್ರಿ ಮಂಡಿ ಹಿಡಿದು ಅರ್ಧ ಬಗ್ಗಿದ, ನರಳಿದ, ಮತ್ತೆ ನೆಟ್ಟಗಾದ. “ಈ ಮಂಡಿ ನನ್ನ ಮಾತು ಕೇಳಲ್ಲ. ತಂಗಿ, ನೀನೇ ನೋಡಿ ಹೇಳಮ್ಮ.”

ಅಳಿಲು ಎಳೆದ.

“ಇಲ್ಲಣ್ಣ.” ಹಗ್ಗ ಒಳಗೆ ಸುತ್ತಿಕೊಳ್ಳುವ ಮೊದಲೇ ಉತ್ತರ ಬಂತು.

“ಹಗ್ಗ ಹರೀಲಿಲ್ಲ, ಕೋಲು ಮುರೀಲಿಲ್ಲ ಅಂತ ಇನ್ನೆಷ್ಟು ದಿನ ಕಾಯ್ಲೋ?” ಮೇಸ್ತ್ರಿ ಅವನ ಹೆಗಲು ತಟ್ಟಿದ. “ಸೋಮವಾರ ಗೋದಾಮಿಗೆ ಬಾ. ಹತ್ತೋಕೆ ಬೇರೆಯವನಿಗೆ ಹೇಳ್ತೀನಿ.”

ಗಾಡಿಯ ಸದ್ದು ರಸ್ತೆಯ ತಿರುವಿನಲ್ಲಿ ಕರಗಿತು. ಅಳಿಲು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಸಿದ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಭುಜಗಳು ಅಲುಗತೊಡಗಿದವು.

ಅದೊಂದನ್ನು ಅವಳು ತಡೆದುಕೊಳ್ಳಲಾರದೆ ಹೋದಳು.

“ಬಯ್ಯೋದಾದ್ರೆ ಬಯ್ರಿ,” ಎಂದಳು. “ಕಿಡಿ ಬರ್ತಾ ಇದೆ. ಮೊದಲನೇ ದಿನದಿಂದ ಬರ್ತಾನೇ ಇದೆ. ನಾನೇ ಇಲ್ಲ ಅಂದೆ. ಇನ್ನೊಂದ್ಸಲ ನಿಮ್ಮನ್ನ ನೆಲದಿಂದ ಎತ್ಕೊಂಡು ಬರೋ ಶಕ್ತಿ ನನಗಿಲ್ಲ ರೀ. ಆದ್ರೆ ನೀವು ಹೀಗೆ ಅಳೋದನ್ನ ನೋಡೋ ಶಕ್ತೀನೂ ಇಲ್ಲ. ಫೋನ್ ಮಾಡಿ, ಗಾಡಿ ಇನ್ನೂ ದೂರ ಹೋಗಿರಲ್ಲ.”

ಅವನು ಫೋನ್ ಮುಟ್ಟಲಿಲ್ಲ. ಕೈಯನ್ನು ಮುಖದಿಂದ ತೆಗೆದ.

“ಮತ್ತೆ ಮರ ಹತ್ತೋಕೆ ನನಗೇ ಭಯ. ಮೊದಲನೇ ದಿನಾನೇ ನನಗೂ ಕಂಡಿತ್ತು ಕಣೇ,” ಎಂದ.