ಒಂದು ಹಂಡೆ ಬಿಸಿನೀರು

ದಶರಥನ ಮೋಟಾರ್ ಸೈಕಲ್ಲಿನ ಪೆಟ್ರೋಲ್ ಟಾಕಿಗೆ ಚನಮಲ್ಲಪ್ಪ ಗೌಡರ ಆಳುಗಳು ಬೆಲ್ಲದ ಗಾಣದ ಅಂಟು ಕಾಕಂಬಿ ಸುರಿದರು. ಲಗ್ನವಾದ ಹೊಸದರಲ್ಲಿ ಅವನು ಹೆಂಡತಿ ಕೆಂಪವ್ವನನ್ನು ಹಿಂದೆ ಕೂಡಿಸಿಕೊಂಡು, ಗೌಡರ ವಾಡೆಯ ಮುಂದೆ ಇಳಿಯದೆ ಹೋಗಿದ್ದ. ವಾಡೆ ಬಂತೆಂದರೆ ಕೇರಿಯವರು ಗಾಡಿ ಬಂದ್ ಮಾಡಿ ಇಳಿದು, ಅದು ದಾಟುವ ತನಕ ತಳ್ಳಿಕೊಂಡು ಹೋಗುವುದು ಊರಿನ ರೂಢಿ. ದಶರಥ ಲೈನ್‌ಮನ್. ವಾಡೆಗೆ ಬೆಳಕು ಕೊಡಲು ಅವನು ಕಂಬ ಹತ್ತಬಹುದಿತ್ತು; ವಾಡೆಯ ಮುಂದೆ ಗಾಡಿ ಹತ್ತುವಂತಿರಲಿಲ್ಲ.

ಮಗ ಪ್ರೇಮಕುಮಾರ ಹುಟ್ಟುವ ಮೊದಲಿನ ಮಾತು ಅದು. ದಶರಥ ಈಗಿಲ್ಲ. ಅವನ ರಾಜದೂತ್ ಗಾಡಿ ಮಾತ್ರ ಬಚ್ಚಲ ಮಗ್ಗುಲಿನ ತಗಡಿನ ಕೆಳಗೆ, ಸೀಟಿನ ಮೇಲೆ ಕುಳ್ಳು ಒಟ್ಟಿಸಿಕೊಂಡು ನಿಂತೇ ಇತ್ತು. ಜಮಖಂಡಿಯಲ್ಲಿ ನೌಕರಿ ಮಾಡುವ ಮಗ ರವಿವಾರ ಬಂದಾಗಲೆಲ್ಲ ಅದನ್ನು ಬಿಚ್ಚಿಕೊಂಡು ಕೂತ. ಹಿಡಿದುಕೊಂಡಿದ್ದ ಪಿಸ್ಟನ್ ಬಿಡಿಸಿದ. ಲೋಕಾಪುರದ ಗುಜರಿಯಲ್ಲಿ ಹುಡುಕಿ ಕಾರ್ಬೊರೇಟರ್ ತಂದ. ಉಳಿದದ್ದು ಟಾಕಿ ಒಂದೇ.

“ಯವ್ವಾ, ನೀರು ಕಾದಾವೇನ?”

“ಕುದ್ಯಾಕತ್ತಾವ. ಇಷ್ಟ ನೀರಾಗ ಯಾರಿಗೆ ಜಳಕಾ ಮಾಡಸ್ತೀಯೋ?”

“ಅಪ್ಪನ ಗಾಡಿಗಿ.”

ಟಾಕಿಗೆ ಕುದಿನೀರು ಹೊಯ್ದು, ಒಂದು ಬೊಗಸೆ ಹರಳುಕಲ್ಲು ಹಾಕಿ, ಬಾಯಿಗೆ ಅರಿವೆ ತುರುಕಿ ಅವನು ಅಲುಗಾಡಿಸಿದ. ಕೂಸನ್ನು ಆಡಿಸಿದಂತೆ ಎತ್ತಿ ಎತ್ತಿ ಅಲುಗಾಡಿಸಿದ. ಬೋರಲು ಹಾಕಿದರೆ ಮೊದಲು ತುಕ್ಕು ಬಂತು, ಆಮೇಲೆ ಕಂದು ನೀರು, ಆಮೇಲೆ ಕಪ್ಪಗೆ ನೂಲಿನಂತೆ ಕಾಕಂಬಿ. ಅಂಗಳದ ತುಂಬ ಗಾಣದ ಮನೆಯ ವಾಸನೆ ಎದ್ದಿತು. ಎಲ್ಲಿದ್ದವೋ, ಇರುವೆಗಳು ಸಾಲುಗಟ್ಟಿ ಬಂದವು.

“ಇಷ್ಟನ?” ಎಂದಳು ಕೆಂಪವ್ವ, ಕಾಕಂಬಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿ.

“ಇಷ್ಟ. ಇದು ಪೆಟ್ರೋಲಿಗೆ ಕರಗಂಗಿಲ್ಲ ಬೇ. ಬಿಸಿನೀರು ಬಿದ್ರ ಬೆಲ್ಲದಂಗ ಕರಗತೈತಿ. ಅವತ್ತ ಒಂದ ಹಂಡೆ ನೀರು ಹಾಕಿದ್ರ ಮರುದಿನಾನ ಓಡತಿತ್ತ ಗಾಡಿ. ಅಪ್ಪಗ ಗೊತ್ತಿದ್ದಿಲ್ಲೇನ?”

ಕೆಂಪವ್ವ ಒಲೆಯ ಕಡೆ ಮುಖ ತಿರುಗಿಸಿದಳು. ದಶರಥನಿಗೆ ಗೊತ್ತಿತ್ತು. ಕಾಕಂಬಿ ಸುರಿದ ಮರುದಿನ ಬೆಳಗ್ಗೆ ಇದೇ ಹಂಡೆಯನ್ನು ಇಳಿಸಲು ಬಂದವನ ಕಾಲನ್ನು ತಬ್ಬಿ ಹಿಡಿದವಳು ಅವಳೇ. “ಬ್ಯಾಡ. ಈ ಊರಾಗ ಬಾಳೇ ಮಾಡಬೇಕ ನಾವು.” ಅವನು ಆ ನೀರನ್ನು ತನ್ನ ಮೈಮೇಲೆ ಹೊಯ್ದುಕೊಂಡು ಕಂಬ ಹತ್ತಲು ಹೋದ. ಗಾಡಿಯ ಮಾತನ್ನು ಮತ್ತೆ ಎತ್ತಲಿಲ್ಲ. ಅಂದಿನಿಂದ ಹಂಡೆ ದಿನಾ ಕಾದಿತ್ತು, ಗಾಡಿಯಿಂದ ಒಂದು ಮಾರು ದೂರದಲ್ಲಿ.

ಮಧ್ಯಾಹ್ನದ ಹೊತ್ತಿಗೆ ಗಾಡಿ ಹೊಗೆ ಉಗುಳಿ, ಕೆಮ್ಮಿ, ಹತ್ತಿಕೊಂಡಿತು. ಪ್ರೇಮಕುಮಾರ ತಿರುಗಿ ನೋಡುವಷ್ಟರಲ್ಲಿ ಕೆಂಪವ್ವ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು ನಿಂತಿದ್ದಳು.

“ಎಲ್ಲಿಗೆ ಬೇ?”

“ಎಲ್ಲಿಗರ ಹೋಗ. ವಾಡೇದ ಮುಂದ ಹಾಯ್ದು ಹೋಗ.”

ವಾಡೆಯ ಕಟ್ಟೆಯ ಮೇಲೆ ಗೌಡರ ಮಗ ಶಿವಯೋಗಿ ಕೂತಿದ್ದ. ಪ್ರೇಮಕುಮಾರನ ಜೊತೆ ಸಾಲಿ ಕಲಿತವನು. ಕೈ ಅಡ್ಡ ಮಾಡಿ ನಿಲ್ಲಿಸಿ, ಮೊಬೈಲಿನಲ್ಲಿ ಗಾಡಿಯ ಫೋಟೊ ಹೊಡೆದುಕೊಂಡ.

“ಏ ಪ್ರೇಮಾ, ಭಾರಿ ಮಾಡೀಯಲ್ಲೋ! ಮದಲಗಿತ್ತಿ ಆಗೇತಿ ಗಾಡಿ. ಒಂದ ಮಾತ ದೋಸ್ತ, ತಪ್ಪ ತಿಳ್ಕೋಬ್ಯಾಡ. ಅಪ್ಪಾರಿಗೆ ಆರಾಮಿಲ್ಲ, ಒಳಗ ಮಲಗ್ಯಾರ. ಈ ಆವಾಜಕ್ಕ ಗಾಬರಿ ಆಗತಾರ. ವಾಡೆ ದಾಟೋತನಕ ಬಂದ್ ಮಾಡಿ ತಳ್ಕೊಂಡ ಹೋಗಿಬಿಡ.”

ಅವನು ಮಾತು ಮುಗಿಸುವಾಗಲೇ ಅವರದೇ ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆದುಕೊಂಡು, ಎದೆ ನಡುಗುವಂತೆ ಹಾಡು ಹಚ್ಚಿಕೊಂಡು ವಾಡೆಯ ಮುಂದೆ ಹಾದು ಹೋಯಿತು. ಶಿವಯೋಗಿ ಡ್ರೈವರನಿಗೆ ಕೈ ಮಾಡಿ ನಕ್ಕ.

“ಆತ ಬಿಡ್ರಿ ಗೌಡ್ರ” ಎಂದ ಪ್ರೇಮಕುಮಾರ. ಎಂದ ಮೇಲೆ ಅವನಿಗೆ ತನ್ನ ಕಾಲು ಆಗಲೇ ನೆಲಕ್ಕೆ ಬಂದಿರುವುದು, ಕೈ ಚಾವಿಯ ಮೇಲಿರುವುದು ಕಂಡಿತು. “ಯವ್ವಾ, ಇಳಿ ಬೇ. ನಾಕ ಹೆಜ್ಜಿ ಅಷ್ಟ.”

“ಜ್ವಾಕಿ ಕೆಂಪವ್ವ, ಸಾವಕಾಶ ಇಳಿ” ಎಂದ ಶಿವಯೋಗಿ, ಹಿಡಿದುಕೊಳ್ಳುವವನಂತೆ ಕಟ್ಟೆಯಿಂದ ಎದ್ದು.

ಕೆಂಪವ್ವ ಸೀಟಿನ ಮೇಲೆ ಇನ್ನಷ್ಟು ಸರಿದು ಗಟ್ಟಿಯಾಗಿ ಕೂತಳು.

“ನಿಮ್ಮ ಟ್ಯಾಕ್ಟರಿಗೆ ಏಳದ ಗಾಬರಿ ನಮ್ಮ ಗಾಡಿಗಿ ಏಳತೈತೇನ್ರಿ, ಸಣ್ಣಗೌಡ್ರ?”

ಶಿವಯೋಗಿಯ ನಗು ಅಲ್ಲೇ ನಿಂತಿತು. ಪ್ರೇಮಕುಮಾರ ತಗ್ಗಿದ ದನಿಯಲ್ಲಿ, “ಸುಮ್ಕಿರ ಬೇ, ಇಳಿ” ಎಂದ.

ಅವಳ ಕೈ ಅವನ ಹೆಗಲ ಮೇಲೆ ಬಂದು ಕೂತಿತು. ಬೆರಳಿಗೆ ಇನ್ನೂ ಕಾಕಂಬಿಯ ಅಂಟಿತ್ತು.

“ಇವರ ಮಂದಿ ಟಾಕಿಗೆ ಸುರಿದ್ರು, ಅಷ್ಟ. ನಿಮ್ಮಪ್ಪನ್ನ ಗಾಡಿ ಮ್ಯಾಲಿಂದ ಇಳಿಸಿದಾಕಿ ನಾನೋ ತಮ್ಮಾ. ಚಾವಿ ಬಿಡು. ನಾ ಇಳಿಯಂಗಿಲ್ಲ.”