ಸಿಗದ ಬೀದಿ

ಬಿಟ್ಟುಬರಲೆಂದು ಬೆಳಗ್ಗೆ ಒಯ್ದಿದ್ದ ಕಂದು ನಾಯಿಯನ್ನು ನಗರಸಭೆಯ ಚಾಲಕ ಪಂಜರ ಸಮೇತ ಮತ್ತೆ ಪಶು ಆಸ್ಪತ್ರೆಯ ಮುಂದೆ ಇಳಿಸಿದ. ಸಂತಾನಹರಣ ಚಿಕಿತ್ಸೆಯಾದ ಮೂರನೆಯ ದಿನ, ಹಿಡಿದ ಬೀದಿಯಲ್ಲೇ ಬಿಡಬೇಕೆಂಬುದು ನಿಯಮ. ಆದರೆ ಇದರ ಹೊಲಿಗೆ ಕೀವುಗಟ್ಟಿ, ಮೈ ಕೆಂಡದಂತೆ ಸುಡುತ್ತಿತ್ತು.

“ಬೀದಿ ಸಿಗ್ಲಿಲ್ಲ, ಡಾಕ್ಟರಮ್ಮ.”

“ಇಪ್ಪತ್ತು ವರ್ಷದಿಂದ ಇದೇ ಊರಲ್ಲಿ ಗಾಡಿ ಓಡಿಸ್ತಿದ್ದೀರಿ, ಸಿಗ್ಲಿಲ್ವಾ?”

“ವಯಸ್ಸಾಯ್ತಲ್ಲಮ್ಮ, ದಾರಿ ಮರೆತುಹೋಗುತ್ತೆ.” ತಲೆ ಎತ್ತದೆ, ನಾಯಿಗೆ ಹೊದಿಸಿದ್ದ ತನ್ನ ಖಾಕಿ ಅಂಗಿಯನ್ನು ಅದರ ಬೆನ್ನಿನ ಮೇಲೆ ಸರಿಯಾಗಿ ಎಳೆದ. ಅವನ ಮೈಮೇಲೆ ಬನಿಯನ್ನು ಮಾತ್ರ ಇತ್ತು.

ಡಾಕ್ಟರಮ್ಮ ಬಗ್ಗಿ ಹೊಲಿಗೆ ನೋಡಿದರು. ಗಾಯ ನೋಡದೆಯೇ ಬಿಡುಗಡೆಗೆ ಸಹಿ ಹಾಕಿದ್ದವರು ಅವರೇ. ಶೆಡ್ಡಿನಲ್ಲಾಗಲೇ ಹೊಸ ನಾಯಿಗಳು ತುಂಬಿದ್ದವು.

“ಗಾಯ ಒಣಗೋ ತನಕ ನನ್ನ ರೂಮಲ್ಲೇ ಇರ್ಲಿ,” ಎನ್ನುತ್ತ ಒಳಹೋಗಿ ತಮ್ಮ ಮೇಜನ್ನು ಗೋಡೆಯತ್ತ ತಳ್ಳತೊಡಗಿದರು. ಚಾಲಕ ಬಂದು ಇನ್ನೊಂದು ತುದಿ ಹಿಡಿದ.